ತಂಪು ಸೂಜಿ

ನಮ್ಮ ಮನೆಯಲ್ಲಿ ಉಷ್ಣ ಎಂಬ ಮಾತಿಗೆ ಕೈತುಂಬ ಕೆಲಸ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಪರೀಕ್ಷೆಯ ದಿನ ನನ್ನ ಮೂಗಿನಿಂದ ರಕ್ತ ಬಂದರೆ ಅದೂ ಉಷ್ಣ. ಅದಕ್ಕೆ ಆಧಾರ ಇಲ್ಲದಿಲ್ಲ. ವಿಜಾಪುರದಲ್ಲಿ ಮಾರ್ಚ್ ಬಂತೆಂದರೆ ಜೋರಾಪುರ ಪೇಟೆಯ ನಮ್ಮ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಅಪ್ಪನ ಹಗ್ಗ-ಮಿಣಿಯ ಅಂಗಡಿಗೆ ಬಂದವರು ಮೊದಲು ನೀರು ಕೇಳುತ್ತಾರೆ, ಆಮೇಲೆ ಹಗ್ಗ. "ಗರ್ಮಿ ಭಾಳ ಆತ್ರಿ ಸಾವಕಾರ" ಎನ್ನುತ್ತಾರೆ. ಗರ್ಮಿ ಎಂದರೂ ನಮಗೆ ಅದೇ ಉಷ್ಣ.

ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತ ಬಂದವಳು. ಭಾವನೆ ಬರೆಯುವ ಅಭ್ಯಾಸ ನನಗಿಲ್ಲ. ತಾರೀಖು, ವಾರ, ಏನಾಯಿತು, ಇಷ್ಟೇ. ಅಕ್ಕನನ್ನು ತಿಕೋಟಾಕ್ಕೆ ಕೊಟ್ಟದ್ದು 1973ರಲ್ಲಿ. ಮರುವರ್ಷ ಆಗಸ್ಟ್ 9, ಶುಕ್ರವಾರ ಅವಳಿಗೆ ಎಂಟು ತಿಂಗಳಿಗೆ ಸತ್ತ ಕೂಸು ಹುಟ್ಟಿತು. ಅದರ ಮರುವರ್ಷ ಹುಟ್ಟಿದ್ದು ಗಂಡು, ಜೀವಂತ. ಆದರೆ ಅದರ ಮುಖ ಮುದುಕರ ಮುಖದಂತೆ ಸುಕ್ಕಾಗಿತ್ತು. ಮೂಗು ಸದಾ ಕಟ್ಟಿ ಸೊರಸೊರ ಎನ್ನುತ್ತಿತ್ತು, ಅಂಗೈ ಅಂಗಾಲಿನ ಚರ್ಮ ಸುಲಿಯುತ್ತಿತ್ತು. 1975ರ ಸಪ್ಟೆಂಬರ್ 22, ಸೋಮವಾರ ಅದು ತೀರಿಕೊಂಡಿತು. ಎರಡೂ ತಾರೀಖಿನ ಮುಂದೆ ಕಾರಣ ಎಂದು ನಾನು ಬರೆದದ್ದು ಒಂದೇ ಶಬ್ದ: ಉಷ್ಣ. ಆಯಿ ಹಾಗೆ ಹೇಳಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಯಾವ ರೋಗಕ್ಕೆ ಯಾವ ಹೆಸರು ಎಂಬುದು ಅವರ ತೀರ್ಮಾನ.

ಮೂರನೆಯ ಸಲ ಅಕ್ಕ ಬಸುರಾದಾಗ ಅವ್ವ ಏಳನೆಯ ತಿಂಗಳ ಕುಬಸದವರೆಗೆ ಕಾಯಲಿಲ್ಲ. ಐದನೆಯ ತಿಂಗಳಿಗೇ ಅವಳನ್ನು ತವರಿಗೆ ಕರೆಸಿಕೊಂಡಳು. 1976ರ ಮೇ ತಿಂಗಳು ಅದು. ಊರ ದೊಡ್ಡ ಸರಕಾರಿ ದವಾಖಾನೆಯಲ್ಲಿ ಬಸುರಿ ಹೆಂಗಸರ ರಕ್ತ ತೆಗೆದು ನೋಡುವ ಕ್ರಮ ಇತ್ತು. ಅಕ್ಕನ ರಕ್ತವನ್ನೂ ತೆಗೆದರು. ಮುಂದಿನ ಸೋಮವಾರ ನಾವು ಮೂವರೂ ಹೋದೆವು.

ಡಾಕ್ಟರಬಾಯಿ ಮೈಸೂರು ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಕಾಗದ ನೋಡಿ ಪುಸ್ತಕದ ಕನ್ನಡದಲ್ಲಿ ಏನೇನೋ ಹೇಳಿದರು. ರಕ್ತದಲ್ಲಿ ಸೋಂಕು, ಗರ್ಭಕ್ಕೆ ಅಪಾಯ, ವಾರಕ್ಕೊಂದರಂತೆ ಮೂರು ಸಲ ಚುಚ್ಚುಮದ್ದು, ಯಜಮಾನರಿಗೂ ಆಗಬೇಕು. ಅವ್ವ ಅವರ ಬಾಯಿಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ನಮ್ಮ ಕಡೆಯ ನರ್ಸಬಾಯಿಯನ್ನು ಹಿಡಿದು ಕೇಳಿದಳು.

"ಏನಂದ್ರಬೇ ಅವರು? ನಮಗ ತಿಳಿಯೂ ಹಂಗ ಹೇಳು."

ನರ್ಸಬಾಯಿ ಸುತ್ತ ನೋಡಿ ದನಿ ತಗ್ಗಿಸಿದರು. "ಗರ್ಮಿ ಅದರಿ ಅವ್ವಾರ, ಗರ್ಮಿ. ರಕ್ತದಾಗ ಇಳದದ."

ಅವ್ವನ ಮುಖದ ಬಿಗಿ ಸಡಿಲವಾಯಿತು. "ಅಷ್ಟನಾ? ಅಯ್ಯ ಶಿವನ, ನಾ ಏನೋ ದೊಡ್ಡ ಬ್ಯಾನಿ ಅಂತ ಅಂಜಿದ್ದೆ. ನಮ್ಮತ್ತಿ ಎರಡು ವರ್ಷದಿಂದ ಅದನ್ನ ಹೇಳಾಕತ್ತಾರ."

"ದೊಡ್ಡದ ಅದರಿ. ಸೂಜಿ ಮಾತ್ರ ತಪ್ಪಸಬ್ಯಾಡ್ರಿ."

ಅವ್ವ ಆಗಲೇ ಅಕ್ಕನ ಸೆರಗು ಸರಿ ಮಾಡುತ್ತ ಮಜ್ಜಿಗೆಯ ಲೆಕ್ಕದಲ್ಲಿದ್ದಳು. ಅಂದು ಅಕ್ಕನಿಗೆ ಸೊಂಟದ ಎರಡೂ ಕಡೆ ಚುಚ್ಚಿದರು. ಔಷಧ ಸುಣ್ಣದ ನೀರಿನಂತೆ ಬೆಳ್ಳಗಿತ್ತು. ಅವಳು ಕುಂಟುತ್ತ ಟಾಂಗಾ ಹತ್ತಿದಳು.

ಸಂಜೆಗೆ ಚಳಿ ಹತ್ತಿತು, ಹಿಂದೆಯೇ ಜ್ವರ. ಮೈ ಕೈ ನೋವು, ಹಲ್ಲು ಕಡಿಯುವಷ್ಟು ನಡುಕ. ಮುಂಜಾನೆಗೆ ಎಲ್ಲ ಇಳಿದಿತ್ತು. ಆದರೆ ಅಷ್ಟರಲ್ಲಿ ಆಯಿ ತೀರ್ಪು ಕೊಟ್ಟಾಗಿತ್ತು.

"ಹೇಳಿದ್ನಿಲ್ಲ? ಮೈಯಾಗ ಮೊದಲ ಉಷ್ಣ. ಅದರ ಮ್ಯಾಲೆ ಸೂಜಿ ಅಂದ್ರ ಅದೂ ಉಷ್ಣ. ಉರಿಯೂ ಒಲಿಗೆ ಕಟಗಿ ಹಾಕಿಸ್ಕೊಂಡು ಬಂದೀರಿ. ಕೂಸು ಉಳೀಬೇಕೋ ಬ್ಯಾಡೋ?"

ಅವ್ವನಿಗೆ ಅದು ಹೌದೆನಿಸಿತು. ನನಗೂ ಹೌದೆನಿಸಿತು. ಉಷ್ಣದ ರೋಗಕ್ಕೆ ಉಷ್ಣದ ಸೂಜಿ ಹಾಕುವವರು ಎಂಥ ಡಾಕ್ಟರು? ಸಬ್ಜಾ ಬೀಜ ನೆನೆಯಿತು, ಉಳ್ಳಾಗಡ್ಡಿ ಹೆಚ್ಚಿದ್ದಾಯಿತು, ಅಕ್ಕನ ನೆತ್ತಿಗೆ ಹರಳೆಣ್ಣೆ ಬಿತ್ತು. ಮುಂದಿನ ಸೋಮವಾರ ಯಾರೂ ದವಾಖಾನೆಯ ಮಾತು ಎತ್ತಲಿಲ್ಲ.

ಆದರೆ ನಾನು ದಿನಚರಿಯಲ್ಲಿ ಆ ಸೋಮವಾರದ ಪುಟಕ್ಕೆ 'ಎರಡನೆ ಸೂಜಿ' ಎಂದು ಮೊದಲೇ ಬರೆದಿಟ್ಟಿದ್ದೆ. ಬರೆದದ್ದು ಆಗದೆ ಹೋದರೆ ನನಗೆ ಅನ್ನ ಸೇರುವುದಿಲ್ಲ. ಸೂಜಿಯ ಬದಲು ಗುಳಿಗೆ ಏನಾದರೂ ಕೊಡುತ್ತಾರೇನೋ ಕೇಳಿ ಬರೋಣವೆಂದು ಶುಕ್ರವಾರ ಒಬ್ಬಳೇ ಹೋದೆ.

"ಯಾಕೆ ಕರೆತರಲಿಲ್ಲ?" ಎಂದರು ಡಾಕ್ಟರಬಾಯಿ.

"ಜ್ವರ ಬಂತ್ರಿ. ಉಷ್ಣದ ಮ್ಯಾಲೆ ಉಷ್ಣ ಆಗಬಾರದಂತ ಮನ್ಯಾಗ..."

"ಉಷ್ಣ ಅಂತ ಯಾರು ಹೇಳಿದರು ನಿಮಗೆ?"

ನಾನು ನರ್ಸಬಾಯಿಯ ಕಡೆ ನೋಡಿದೆ. ಅವರು ಟ್ರೇ ಕೆಳಗಿಟ್ಟರು. "ನಾ ಗರ್ಮಿ ಅಂದಿದ್ದೆ ರೀ ಮೇಡಂ. ಈ ರೋಗಕ್ಕ ಇಲ್ಲೆ ಹಂಗ ಅಂತಾರ. ಇದಕ್ಕ ಬ್ಯಾರೆ ಹೆಸರ ಇಲ್ಲ ನಮ್ಮಲ್ಲಿ."

ಡಾಕ್ಟರಬಾಯಿ ಬಾಗಿಲು ಹಾಕಿಸಿದರು. ಆಮೇಲೆ ನನಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. ಇದು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಬರುವ ರೋಗ. ತಾಯಿಯ ರಕ್ತದಿಂದ ಹೊಟ್ಟೆಯ ಕೂಸಿಗೆ ಇಳಿಯುತ್ತದೆ. ಮೊದಲ ಎರಡು ಕೂಸುಗಳನ್ನು ತೆಗೆದುಕೊಂಡದ್ದು ಇದೇ ಇರಬೇಕು. ಮೊದಲ ಸೂಜಿಗೆ ಜ್ವರ ಬರುವುದುಂಟು, ಔಷಧ ಕೆಲಸ ಮಾಡುವಾಗ ಹಾಗಾಗುತ್ತದೆ. ಸರಕಾರ ಔಷಧ ಪುಕ್ಕಟೆ ಕೊಟ್ಟಿದೆ, ಕಪಾಟಿನಲ್ಲಿದೆ, ತೆಗೆದುಕೊಳ್ಳುವವರು ಬರಬೇಕಷ್ಟೆ. ಎಣಿಕೆ ಮತ್ತೆ ಮೊದಲಿಂದ ಮಾಡೋಣ, ಮೂರೂ ಆಗಲಿ. "ಆದರೆ ನಿಮ್ಮ ಭಾವನವರಿಗೂ ಆಗದಿದ್ದರೆ ಈ ಕೂಸು ಉಳಿದರೂ ಮುಂದಿನ ಕೂಸಿಗೆ ನಾನು ಹೊಣೆಯಲ್ಲ" ಎಂದರು.

ನನಗಾಗ ಹತ್ತೊಂಬತ್ತು. ಬಿ.ಎಸ್ಸಿ. ಓದುತ್ತಿದ್ದೆ, ಕಪ್ಪೆ ಕೊಯ್ದಿದ್ದೆ. ಆದರೂ ಹೊರಗೆ ಬಂದಾಗ ಯಾರ ಮುಖ ನೋಡಲೂ ಆಗಲಿಲ್ಲ. ದವಾಖಾನೆಯ ಹಿಂದೆ ಬೇವಿನ ಗಿಡದ ಪಕ್ಕ ಒಂದು ಕೋಣೆಯ ಮೇಲೆ 'ಗುಪ್ತರೋಗ ವಿಭಾಗ' ಎಂದು ಬೋರ್ಡು ಇತ್ತು. ಗುಟ್ಟಿನ ರೋಗಕ್ಕೆ ಎಲ್ಲರಿಗೂ ಕಾಣುವ ಬೋರ್ಡು. ಅದರ ಮುಂದೆ ಒಂದು ನಾಯಿ ಮಲಗಿತ್ತು, ಮನುಷ್ಯರು ಯಾರೂ ಇರಲಿಲ್ಲ.

ಅಕ್ಕ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದಳು. ನಾನು ಅವಳ ಪಕ್ಕ ಕೂತು, ಶ್ಯಾವಿಗೆಯನ್ನೇ ನೋಡುತ್ತ, ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಲಗ್ನ ಆಗಿ ಒಂದಾರು ತಿಂಗಳಿಗೆ ಅವರಿಗೆ ಅಲ್ಲೆ ಒಂದು ಹುಣ್ಣಾಗಿತ್ತು" ಎಂದಳು. "ಸೊಲ್ಲಾಪುರಕ್ಕ ಲಾರಿ ಒಯ್ದು ನಾಕ್ನಾಕ ದಿನ ಉಳೀತಿದ್ರಲ್ಲ, ಆವಾಗ. ನೋವಿಲ್ಲ, ಏನಿಲ್ಲ, ಉಷ್ಣಕ್ಕ ಆಗೇದ ಅಂದ್ರು. ಬಬಲೇಶ್ವರದಾಗ ಔಷಧ ಕೊಡೂ ಮುದುಕನ ಕಡೆ ಹೋಗಿ ಬಂದ್ರು. ತಿಂಗಳದಾಗ ಮಾಯಿತು. ಹೋತು ಅಂದ್ರು. ನಾನೂ ಹೋತು ಅಂದ್ಕೊಂಡೆ."

ಅದು ತಾನಾಗಿಯೇ ಮಾಯುವ ಹುಣ್ಣು ಎಂದು ಡಾಕ್ಟರಬಾಯಿ ಹೇಳಿದ್ದರು. ಮೇಲೆ ಮಾಯ್ದು ಒಳಗೆ ಉಳಿಯುತ್ತದೆ. ಬಬಲೇಶ್ವರದ ಮುದುಕನ ಹೆಸರು ಹತ್ತು ಹಳ್ಳಿಗೆ ಹಬ್ಬಿದ್ದು ಹೀಗೆ. ಅವನ ಬಳಿ ಹೋದವರಿಗೆಲ್ಲ ಗುಣವಾಗಿದೆ, ಕಣ್ಣಿಗೆ ಕಾಣುವಂತೆ.

"ಅವ್ವಗ ಹೇಳಬ್ಯಾಡ" ಎಂದಳು ಅಕ್ಕ. "ಅಳಿಯನ ಮುಂದ ಹೆಂಗ ನಿಂದರಬೇಕು ಆಕಿ? ಸೂಜಿ ಮಾತ್ರ ಹೆಂಗರೆ ಮಾಡಿ ಹಾಕಸು ನನಗ."

ದಾರಿ ತೋರಿಸಿದ್ದು ನರ್ಸಬಾಯಿ. ಮುಂದಿನ ಸೋಮವಾರ ನಮ್ಮ ಓಣಿಯಲ್ಲಿ ಹಾಯ್ದು ಹೋಗುವವರಂತೆ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಆಯಿಯನ್ನೇ ಮಾತಿಗೆಳೆದರು. "ಆ ದಿನ ಹಾಕಿದ್ದು ಉಷ್ಣದ ಸೂಜಿ ರೀ ಆಯಿ, ನೀವು ಅಂದದ್ದು ಖರೆ. ಈಗ ಬ್ಯಾರೆ ಬಂದಾವ. ತಂಪ ಸೂಜಿ."

"ತಂಪ ಸೂಜಿ?"

"ಹೂಂ ರಿ. ಮಜ್ಜಿಗಿ ಬಣ್ಣದ್ದು. ಹಾಕಿದ್ರ ಒಳಗಿಂದ ತಂಪ ಆಗ್ತದ."

ಆಯಿ ಕಟ್ಟೆಯ ಕಡೆ ಸರಿದು ಕೂತರು. "ಮೊದಲ ಹಂಗ ಹೇಳಬಾರದೇನಬೇ" ಎಂದರು.

ಬೆಳ್ಳಗಿನ ಅದೇ ಔಷಧ. ಈ ಸಲ ಜ್ವರ ಬರಲಿಲ್ಲ. ಮೂರು ಸೋಮವಾರ, ಮೂರು ಸಲ. ದಿನಚರಿಯಲ್ಲಿ ಮೂರಕ್ಕೂ ಗೀರು ಹಾಕಿದೆ. ತಂಪ ಸೂಜಿಯ ಸುದ್ದಿ ಓಣಿಯಲ್ಲೆಲ್ಲ ಹಬ್ಬಿ ಹಿಂದಿನ ಮನೆಯಾಕೆ, "ನಮ್ಮ ಸೊಸಿ ಭಾಳ ಒದರ್ಯಾಡ್ತಾಳ, ಆಕಿಗೂ ಒಂದು ಹಾಕಸ್ರಿ" ಎಂದು ಅವ್ವನ ಬೆನ್ನು ಹತ್ತಿದಳು. ಅಕ್ಕ ಆ ವರ್ಷ ನಕ್ಕದ್ದು ನಾನು ನೋಡಿದ್ದು ಅದೊಂದು ಸಲ.

ಇನ್ನು ಉಳಿದದ್ದು ಭಾವ. ನಮ್ಮಲ್ಲಿ ಅಳಿಯ ಮನೆಗೆ ಬಂದರೆ ಅಪ್ಪ ಕೂಡ ಎದ್ದು ನಿಲ್ಲುತ್ತಾನೆ. ಅವರ ಊಟವಾಗುವವರೆಗೆ ಮನೆಯಲ್ಲಿ ಬೇರೆ ಮಾತಿಲ್ಲ. ಅಂಥವರಿಗೆ ನೀವು ಈ ದವಾಖಾನೆಗೆ ನಡೆಯಿರಿ ಎಂದು ಹೇಳುವವರು ಯಾರು? ಜೂನ್ ಕೊನೆಗೆ ಅವರು ಲಾರಿಯನ್ನು ಪೇಟೆಯಲ್ಲಿ ನಿಲ್ಲಿಸಿ ಮಾವಿನಹಣ್ಣಿನ ಬುಟ್ಟಿ ಹೊತ್ತು ಬಂದರು. ಒಳಕೋಣೆಯಲ್ಲಿ ಅಕ್ಕ ಹೇಳಿದಳು. ನಾನು ಈಚೆ ಅಡುಗೆಮನೆಯಲ್ಲಿ ಚಟ್ನಿ ಕುಟ್ಟುತ್ತಿದ್ದೆ, ಬೇಕೆಂದೇ ನಿಧಾನ ಕುಟ್ಟುತ್ತಿದ್ದೆ.

"ಅದು ಹೋಗೇದಲ್ಲ" ಎಂದರು ಭಾವ.

"ಹೋಗಿಲ್ಲ. ನನ್ನ ರಕ್ತದಾಗ ಬಂದದ. ನನ್ನ ಎರಡು ಕೂಸಿಗೆ ಬಂತು."

ಆಮೇಲೆ ಅವರ ದನಿ ಇಳಿದಿತ್ತು. "ಯಾರ್ಯಾರಿಗೆ ಗೊತ್ತದ?"

"ಯಾರಿಗೂ ಇಲ್ಲ. ನೀವು ಹೋಗಿ ಬಂದ್ರ ಯಾರಿಗೂ ಗೊತ್ತಾಗಂಗಿಲ್ಲ."

"ಸೋಮವಾರ ಬರ್ತೇನಿ ಬಿಡು."

ಭಾವ ಕೆಟ್ಟವರಲ್ಲ. ಎರಡನೆಯ ಕೂಸನ್ನು ಮಣ್ಣಿಗೆ ಒಯ್ಯುವಾಗ ಬೇರೆ ಯಾರ ಕೈಗೂ ಕೊಡದೆ ತಾವೇ ಎತ್ತಿಕೊಂಡಿದ್ದರು. ಆ ಸೋಮವಾರ ಅವರು ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ.

ಬಾರದವರ ಊರಿಗೆ ಹೋಗಿ ಗುಟ್ಟಾಗಿ ಹೇಳಿ ಕರೆತರಲು ಬೇವಿನ ಗಿಡದ ಕೋಣೆಯಲ್ಲಿ ಒಬ್ಬ ನೌಕರ ಇದ್ದರು. ನಡುವಯಸ್ಸಿನ ಮನುಷ್ಯ. ಯಾವಾಗಲೂ ಬಸ್ಸಿಗೆ ಹೋಗಿ, ಹೆಣ್ಣು ನೋಡಲು ಬಂದವರಂತೆ ಮಾತಾಡಿ ಬರುತ್ತಾರೆಂದು ನರ್ಸಬಾಯಿ ಹೇಳುತ್ತಿದ್ದರು. ಆದರೆ ಜುಲೈ ತಿಂಗಳ ಆ ದಿನ ಬೇರೊಂದು ಜೀಪು ಅದೇ ದಾರಿ ಹಿಡಿದಿತ್ತು. ಮಳೆ ಹಿಡಿದಿದೆ, ಜೀಪಿನಲ್ಲಿ ಜಾಗವಿದೆ, ಹೋಗಿಬಿಡೋಣ ಎಂದು ಅವರು ಹತ್ತಿದರು. ಅದು ಕೆಂಪು ತ್ರಿಕೋನದ, ಕುಟುಂಬ ಯೋಜನೆಯವರ ಜೀಪು.

ತುರ್ತು ಪರಿಸ್ಥಿತಿಯ ಕಾಲ. ಆ ಜೀಪು ಬಂದರೆ ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದ ಆಪ್ರೇಶನ್ ಮಾಡುತ್ತಾರೆಂಬ ಸುದ್ದಿ ಹಳ್ಳಿಹಳ್ಳಿಯಲ್ಲಿತ್ತು. ಜೀಪು ತಿಕೋಟಾಕ್ಕೆ ಬಂತೆಂದು ಯಾರೋ ಕೂಗಿದರು. ಚಹಾದ ಅಂಗಡಿ ಖಾಲಿಯಾಯಿತು, ಕ್ಷೌರಕ್ಕೆ ಕೂತವನೊಬ್ಬ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ಆ ಜೀಪಿನಿಂದ ಇಳಿದ ಮನುಷ್ಯ ಭಾವನ ಮನೆಯ ಬಾಗಿಲಲ್ಲಿ ನಿಂತು ಭಾವನ ಹೆಸರು ಹಿಡಿದು ಕೇಳಿದ. ಭಾವ ಹಿತ್ತಲಿನಿಂದ ಹೊಲಕ್ಕೆ ಬಿದ್ದು, ಹೊನವಾಡದ ದಾರಿ ಹಿಡಿದು, ಸಿಕ್ಕ ಲಾರಿ ಹತ್ತಿ ಸೊಲ್ಲಾಪುರಕ್ಕೆ ಹೋದವರು ಹದಿನೈದು ದಿನ ಬರಲಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಅಕ್ಕನ ಅತ್ತೆಯ ಬಾಯಿಂದ. ಆಕೆ ಬಸ್ಸಿಳಿದು ನೇರ ನಮ್ಮ ಪಡಸಾಲೆಗೆ ಬಂದು, ಅವ್ವ ಕೊಟ್ಟ ನೀರಿನ ತಂಬಿಗೆಯನ್ನು ಹಾಗೇ ಕೆಳಗಿಟ್ಟಳು.

"ನಿಮ್ಮ ಮಗಳು ನನ್ನ ಮಗನ ಹೆಸರು ಬರಸ್ಯಾಳ ದವಾಖಾನ್ಯಾಗ. ಸೂಜಿ ಸೂಜಿ ಅಂತ ಪುಸಲಾಯಿಸಿ ಒಳಗ ಕರಕೊಂಡು ಕೊಯ್ಯಸಬೇಕಂತ ಮಾಡ್ಯಾಳ. ವಂಶ ಬೆಳಸಾಕ ತಂದ ಸೊಸಿ ಬೇ ಈಕಿ!"

"ಅಯ್ಯ ಬೀಗತಿ, ಹಂಗ್ಯಾಕ ಮಾಡ್ಯಾಳ್ರಿ? ನಾವು ಹಾಕಿಸಿದ್ದು ತಂಪ ಸೂಜಿ" ಎಂದು ಅವ್ವ ಕೈ ಮುಗಿದಳು. ಅವಳಿಗೆ ನಿಜಕ್ಕೂ ಏನೂ ಅರ್ಥವಾಗಿರಲಿಲ್ಲ.

ಆ ನೌಕರ ಮತ್ತೆ ಬಸ್ಸಿಗೆ ಎರಡು ಸಲ ಹೋದರು. ಊರ ಗಂಡಸರು ಅವರ ಮುಖ ಗುರುತಿಟ್ಟಿದ್ದರು. "ನಾ ಇನ್ನ ಆ ಕಡೆ ಹೋದ್ರ ಕಲ್ಲ ಬೀಳತಾವ ತಂಗಿ" ಎಂದರು ನನಗೆ. ನಾನು ಆಮೇಲೆ ಇದನ್ನು ಬಹಳ ಸಲ ಯೋಚಿಸಿದ್ದೇನೆ. ಸಿಡುಬಿನವರು ಮನೆಮನೆ ತಿರುಗಿ, ಗೋಡೆಗೆ ಬರೆದು, ಆ ರೋಗವನ್ನು ನಮ್ಮ ಜಿಲ್ಲೆಯಿಂದ ಓಡಿಸಿದ್ದನ್ನು ನಾವು ಕಣ್ಣಾರೆ ಕಂಡವರು. ಸಿಡುಬು ಮುಖದ ಮೇಲೆ ಏಳುತ್ತಿತ್ತು. ನಡುಬೀದಿಯಲ್ಲಿ ಅದರ ಹೆಸರು ಕೂಗಿ, ಯಾರ ಮನೆಯಲ್ಲಿದೆ ತೋರಿಸಿರಿ ಎಂದು ಕೇಳಬಹುದಿತ್ತು. ಇದಕ್ಕೂ ಔಷಧ ಇತ್ತು, ಸೂಜಿ ಇತ್ತು, ಸಂಬಳದ ಮನುಷ್ಯ ಇದ್ದ. ಹೆಸರೊಂದು ಇರಲಿಲ್ಲ. ಇದ್ದ ಹೆಸರಿಗೆ ನಾವು ಮಜ್ಜಿಗೆ ಕೊಡುತ್ತಿದ್ದೆವು.

ಅಕ್ಟೋಬರ್‌ನಲ್ಲಿ ಅಕ್ಕನಿಗೆ ಹೆಣ್ಣು ಹುಟ್ಟಿತು. ನಾನು ಮೊದಲು ನೋಡಿದ್ದು ಮೂಗು. ಉಸಿರು ಸರಾಗವಾಗಿತ್ತು. ಆಮೇಲೆ ಅಂಗೈ, ಅಂಗಾಲು. ನುಣ್ಣಗಿದ್ದವು. ಡಾಕ್ಟರಬಾಯಿ ಕೂಸಿನ ರಕ್ತ ನೋಡಿ ಚೆನ್ನಾಗಿದೆ ಎಂದರು, ಮುಂದಿನ ಮಾತನ್ನು ಅಕ್ಕನಿಗೇ ಹೇಳಿದರು: "ನಿಮ್ಮ ಯಜಮಾನರು ಬಂದು ತೋರಿಸಿಕೊಳ್ಳುವವರೆಗೆ ಅವರ ಮನೆಗೆ ಹೋಗಬೇಡಿ."

ಐದನೆಯ ತಿಂಗಳಿಗೆ ಬಾಣಂತಿಯನ್ನು ತೊಟ್ಟಿಲ ಸಮೇತ ಕಳಿಸುವುದು ಪದ್ಧತಿ. 1977ರ ಮಾರ್ಚ್ ಮೊದಲ ವಾರ ಭಾವ ಬಂದರು. ನಡುಹಗಲು, ಬಿಸಿಲು ಆಗಲೇ ಏರಿತ್ತು. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದರ ಬೆರಳು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಅಪ್ಪ, ಆಯಿ, ಅವ್ವ ಎಲ್ಲ ಪಡಸಾಲೆಯಲ್ಲಿದ್ದರು. ಅಕ್ಕ ಕಂಬಕ್ಕೆ ಆತು ನಿಂತಿದ್ದಳು.

"ಅರಿವಿ ಕಟ್ಕೊಂಡಿ ಇಲ್ಲೋ ಇನ್ನಾ?" ಎಂದ ಅಪ್ಪ.

"ಅವರು ಸೂಜಿ ಮಾಡಿಸ್ಕೊಳ್ಳೂ ತನಕ ನಾ ಹೋಗಂಗಿಲ್ಲಪ್ಪ."

"ಯಾವ ಸೂಜಿ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಎಲ್ಲರ ಮುಂದೆ, ಅಳಿಯನ ಮುಂದೆ, ಸ್ಪಷ್ಟವಾಗಿ ಹೇಳಿದಳು: "ಅವರಿಗೆ ಗರ್ಮಿ ಅದ."

ಭಾವನ ಕೈ ಮಗುವಿನ ಬೆರಳ ಮೇಲೆ ನಿಂತಿತು.

"ಅಯ್ಯ ನನ್ನಪ್ಪ!" ಎಂದರು ಆಯಿ. "ಇಂಥ ಬಿಸಲಾಗ ಬಂದಾನ, ಗರ್ಮಿ ಆಗದ ಏನಾಗಬೇಕು? ನಿಂತ್ಕೊಂಡು ಏನ ನೋಡ್ತೀರಬೇ, ಮಜ್ಜಿಗಿ ತರ್ರಿ ಮೊದಲ!"

ಅಪ್ಪ ನಕ್ಕ. "ಆ ತಂಪ ಸೂಜಿ ಹುಚ್ಚು ಇನ್ನಾ ಹೋಗಿಲ್ಲ ನಮ್ಮ ಹೆಣ್ಣಮಕ್ಕಳಿಗೆ. ಹಾಕಿಸ್ಕೊಂಡ ಬಿಡ್ರಿ ಅಳಿಯಂದ್ರ, ಒಮ್ಮೆ."

ಎಲ್ಲರೂ ನಕ್ಕರು. ಅವ್ವ ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ ತಂದಳು. ಭಾವ ನಗಲಿಲ್ಲ, ಅಕ್ಕನ ಕಡೆ ನೋಡಲೂ ಇಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ಹನಿವರೆಗೆ ಕುಡಿದು, "ಬಸ್ಸಿನ ಹೊತ್ತಾತ್ರಿ ಮಾವಾರ" ಎಂದರು. ಅಕ್ಕ ಇನ್ನೊಮ್ಮೆ ಹೇಳಲಿಲ್ಲ. ಹೇಳಲು ಬೇರೆ ಶಬ್ದ ಅವಳ ಹತ್ತಿರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಇಂಗ್ಲಿಷ್ ಹೆಸರು ನನಗೆ ಗೊತ್ತಿತ್ತು. ಅದನ್ನು ಹೇಳಿದ್ದರೆ ಆ ಪಡಸಾಲೆಯಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಕ್ಕ ತೊಟ್ಟಿಲ ಸಮೇತ ಅದೇ ಬಸ್ಸಿಗೆ ತಿಕೋಟಾಕ್ಕೆ ಹೋದಳು.

ಮುಂದಿನ ವರ್ಷ ಅಕ್ಕ ಮತ್ತೆ ಬಸುರಾದಳು. ಭಾವ ಇನ್ನೊಂದು ಸಲ ಬಬಲೇಶ್ವರಕ್ಕೆ ಹೋಗಿ ಬಂದ ಸುದ್ದಿಯನ್ನು ಅವಳೇ ಒಬ್ಬ ಹೆಂಗಸಿನ ಕೂಡ ಹೇಳಿಕಳಿಸಿದ್ದಳು. ವಿಜಾಪುರದ ದವಾಖಾನೆಗೆ ಸೊಸೆಯನ್ನು ಕಳಿಸಲು ಅತ್ತೆ ಒಪ್ಪಲಿಲ್ಲ. ಎಂಟನೆಯ ತಿಂಗಳಲ್ಲಿ ನೋವು ಶುರುವಾಗಿ ಎರಡು ದಿನವಾದ ಮೇಲೆ ಕರೆತಂದರು. ನವೆಂಬರ್ ತಿಂಗಳು, ಗಂಡು, ಹುಟ್ಟುವ ಮೊದಲೇ ಜೀವ ಹೋಗಿತ್ತು. ಅಂಗಾಲಿನ ಚರ್ಮ ಸುಲಿದಿತ್ತು.

ಹೆರಿಗೆ ಕೋಣೆಯ ಹೊರಗೆ ಅದೇ ನರ್ಸಬಾಯಿ ಅವ್ವನನ್ನು ಬೆಂಚಿನ ಮೇಲೆ ಕೂಡಿಸಿದರು. ಈ ಸಲ ಅವರು ಗರ್ಮಿ ಎನ್ನಲಿಲ್ಲ. ಮುಚ್ಚಿಡದೆ, ಬಿಡಿಸಿ, ಗಂಡಸು ಹೊರಗೆ ಹೋಗಿ ತಂದ ರೋಗ ಎಂದು ಹೇಳಿದರು. ಅವ್ವ ತಲೆ ತಗ್ಗಿಸಿ ಪೂರ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಪಡಸಾಲ್ಯಾಗ ಆಕಿ ಗರ್ಮಿ ಅಂದದ್ದು ಇದನ್ನೇನು?" ಎಂದಳು.

"ಹೂಂ."

"ನಾ ಮಜ್ಜಿಗಿ ಕೊಟ್ಟೆ" ಎಂದಳು.

ಮರುದಿನ ಅಕ್ಕನನ್ನೂ ಅವಳ ಮಗಳನ್ನೂ ಮನೆಗೆ ಕರೆತಂದಾಗ ಆಯಿ ಬಾಗಿಲಲ್ಲೇ ಕೂತಿದ್ದರು. "ಉಷ್ಣ ಆತು" ಎಂದರು. "ಸಾಕ್ರಿ ಅತ್ತಿ" ಎಂದಳು ಅವ್ವ. ಅವಳು ಆಯಿಗೆ ಎದುರಾಡಿದ್ದು ಅದುವರೆಗೆ ನಾನು ಕಂಡಿರಲಿಲ್ಲ.

ಭಾವ ಬಂದದ್ದು ಮೂರನೆಯ ದಿನ, ಮಂಗಳವಾರ. ಅಪ್ಪ ಅಂಗಡಿಯಲ್ಲಿದ್ದ. ಪಡಸಾಲೆಯಲ್ಲಿ ಮಣೆ ಹಾಕಿತ್ತು, ತಾಟು ಇಟ್ಟಿತ್ತು, ಅಳಿಯ ಬಂದರೆ ಇಡುವ ಹಾಗೇ. ಅವರು ಚಪ್ಪಲಿ ಬಿಡಲು ಬಗ್ಗಿದಾಗ ಅವ್ವ ಹೊಸ್ತಿಲಿಗೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು, ಕಣ್ಣು ನೆಲದ ಮೇಲಿತ್ತು. ದನಿಯಲ್ಲಿ ಮರ್ಯಾದೆ ಒಂದಿಷ್ಟೂ ಕಡಿಮೆ ಇರಲಿಲ್ಲ.

"ದವಾಖಾನಿಗೆ ಹೋಗಿ ಬರ್ರಿ. ಹಿಂದಿನ ಕಡೆ, ಬೇವಿನ ಗಿಡದ ಬಾಜೂಕ. ಆಮ್ಯಾಲೆ ಊಟ ಮಾಡೂವಂತ್ರಿ."

ಒಳಗಿನಿಂದ ಮಗಳು ಭಾವನನ್ನು ಕಂಡು "ಅಪ್ಪಾ" ಎಂದಳು. ಅವರು ಒಂದು ಚಪ್ಪಲಿಯಿಂದ ಹೊರಗೆ ಬಂದಿದ್ದ ಕಾಲನ್ನು ಮತ್ತೆ ಒಳಗೆ ಹಾಕಿಕೊಂಡು ತಿರುಗಿದರು.

ನಮ್ಮ ಓಣಿಯ ಕೊನೆಯಲ್ಲಿ ಎಡಕ್ಕೆ ಹೋದರೆ ದವಾಖಾನೆ, ಬಲಕ್ಕೆ ಹೋದರೆ ಬಸ್‌ಸ್ಟ್ಯಾಂಡು. ನಾನು ಮಾಳಿಗೆ ಹತ್ತಿ ನೋಡುತ್ತಿದ್ದೆ. ಮೂಲೆಯಲ್ಲಿ ಅವರು ನಿಂತರು. ಟವೆಲಿನಿಂದ ಮುಖ ಒರೆಸಿಕೊಂಡರು.

"ಯಾವ ಕಡೆ ಹೋದ್ರು?" ಕೆಳಗಿನಿಂದ ಅವ್ವ ಕೇಳಿದಳು.

"ಬಲಕ್ಕ" ಎಂದೆ.

ಅವ್ವ ತಾಟು ಎತ್ತಿದ ಸದ್ದು ಕೇಳಿಸಿತು, ಆಮೇಲೆ ಮಣೆ ಗೋಡೆಗೆ ನಿಲ್ಲಿಸಿದ್ದು. ಅಕ್ಕ ಆಮೇಲೆ ತಿಕೋಟಾಕ್ಕೆ ಹೋಗಿಲ್ಲ.